ಮೋಟಾರು ಸುತ್ತಿದ ಕೈ

ತಿಮ್ಮರಾಜು ತಂತಿ ಸುತ್ತಿದ ಕೊಂಬೆಯನ್ನು ನೋಡಿ ಶೆಡ್ಡಿನಲ್ಲಿ ತರಬೇತಿಗೆ ಕೂತಿದ್ದ ಹನ್ನೆರಡು ಮಂದಿಯೂ ನಕ್ಕರು. ಉಳಿದವರ ಬೋನ್ಸಾಯ್ ಗಿಡಗಳ ಮೇಲೆ ಕೊಂಬೆ ಬಗ್ಗಿಸುವ ತಂತಿ ಬಳ್ಳಿಯ ಹಾಗೆ ದೂರದೂರ ಹಬ್ಬಿತ್ತು. ಇವನದರಲ್ಲಿ ಒಂದು ಸುತ್ತಿಗೆ ಇನ್ನೊಂದು ಸುತ್ತು ಅಂಟಿಕೊಂಡು, ಕೂದಲು ತೂರುವಷ್ಟೂ ಸಂದಿಲ್ಲದೆ, ಬುಡದಿಂದ ತುದಿಯವರೆಗೆ ತಾಮ್ರವೇ ತಾಮ್ರ. ಒಳಗೊಂದು ಆಲದ ಕೊಂಬೆ ಇದೆ ಎನ್ನುವುದಕ್ಕೆ ತುದಿಯಲ್ಲಿ ಎರಡು ಎಲೆ ಮಾತ್ರ ಉಳಿದಿದ್ದವು.

"ಸ್ವಿಚ್ ಹಾಕಿದ್ರೆ ತಿರುಗುತ್ತೇನ್ರೀ ಇದು?" ಎಂದರು ಪಕ್ಕದ ಮೇಜಿನ ರಘುನಾಥ್. ಆಲಸನತ್ತಂ ಊರಿನವರು, ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬೋನ್ಸಾಯ್ ಹುಚ್ಚು ಹತ್ತಿಸಿಕೊಂಡವರು.

ತಿಮ್ಮರಾಜುವಿನ ಕಿವಿ ಕೆಂಪಾಯಿತು. "ನಾನು ಸುತ್ತಿರೋ ಮೋಟ್ರು ಬೇರಿಕೆ ಕಡೆ ತ್ವಾಟಗಳಲ್ಲಿ ಇವತ್ತೂ ನೀರೆತ್ತತಾವೆ ಸಾರ್. ನೀವು..." ಅನ್ನುವಷ್ಟರಲ್ಲಿ ಹಿಂದೆ ನೀರಿನ ಪೈಪು ಹಿಡಿದು ನಿಂತಿದ್ದ ಹೆಂಡತಿ ಶಾಂತಿ ಮೊಣಕೈಯಿಂದ ತಿವಿದಳು.

"ಬಾಯಿ ಮುಚ್ಕಂಡಿರ್ತೀನಿ ಅಂತ ನೀನೇ ಬೆಳಗ್ಗೆ ಹೇಳಿದ್ದೆ."

"ಮುಚ್ಚೇ ಇತ್ತು. ಆ ಯಪ್ಪನೇ ತೆಗ್ಸುದ್ದು."

ಹೊಸೂರು ಹತ್ತಿರದ ಮತ್ತಿಗಿರಿಯ ಈ ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುವುದು ಶಾಂತಿಯ ಕೆಲಸ. ಗಂಡ ಇಪ್ಪತ್ತಾರು ವರ್ಷ ಮೋಟಾರು ವೈಂಡಿಂಗ್ ಮಾಡಿದ ಅಂಗಡಿ ಹೋದ ವರ್ಷ ಬಾಗಿಲು ಹಾಕಿತ್ತು. ಆಮೇಲೆ ಸಿಕ್ಕ ಎರಡು ಕೆಲಸವನ್ನೂ ಅವನು ಬಾಯಿಂದಲೇ ಕಳೆದುಕೊಂಡಿದ್ದ. ನರ್ಸರಿಯ ಒಡತಿ ರಮಾದೇವಿಗೆ ತಂತಿ ಕಟ್ಟಲು ಒಬ್ಬ ಕೆಲಸಗಾರ ಬೇಕಾಗಿತ್ತು. "ಭಾನುವಾರ ತರಬೇತಿಗೆ ಬಂದು ಕೂರಲಿ, ಕೈ ನೋಡ್ತೀನಿ" ಎಂದಿದ್ದರು.

ರಮಾದೇವಿ ಬಂದು ಕೊಂಬೆಯನ್ನು ತಿರುಗಿಸಿ ನೋಡಿದರು. ನಗಲಿಲ್ಲ. "ಇದು ಬೆಳೆಯೋ ಜೀವ ತಿಮ್ಮರಾಜು ಅವ್ರೇ. ಸುತ್ತಿನ ನಡುವೆ ಜಾಗ ಬಿಡ್ದೆ ಹೋದ್ರೆ ತಂತಿ ತೊಗಟೆ ಒಳಗೆ ಇಳಿದುಬಿಡತ್ತೆ. ಕಟರ್ ತಗೊಂಡು ಒಂದೊಂದೇ ಸುತ್ತು ಕತ್ತರಿಸಿ ತೆಗೀರಿ. ಬಿಚ್ಚೋಕೆ ಮಾತ್ರ ಹೋಗ್ಬೇಡಿ." ಅಷ್ಟು ಹೇಳಿ ಆಚೆ ಮೇಜಿಗೆ ಹೋದರು.

ತಿಮ್ಮರಾಜು ಕಟರನ್ನು ತಾಮ್ರದ ಮೇಲಿಟ್ಟ. ಒತ್ತಲು ಆಗಲಿಲ್ಲ. ಗೇಣುದ್ದದ ತುಂಡು ದಂಡವಾದರೂ ಅಂಗಡಿಯ ಮುದಲಾಳಿಯ ಕೈಲಿ ಬೈಸಿಕೊಂಡು ಪಳಗಿದ ಕೈ ಅದು. ಒಳ್ಳೆಯ ತಾಮ್ರವನ್ನು ಚೂರುಚೂರು ಮಾಡುವುದೆಂದರೆ ತಟ್ಟೆಯ ಅನ್ನವನ್ನು ಚೆಲ್ಲಿದ ಹಾಗೆ. ಅತ್ತಿತ್ತ ನೋಡಿ, ಕಟರ್ ಕೆಳಗಿಟ್ಟು, ತುದಿಯಿಂದ ಬಿಚ್ಚತೊಡಗಿದ.

"ಬಿಚ್ಬ್ಯಾಡಿ ಅಂದ್ರಲ್ಲ ಅಮ್ಮೋರು?" ಎಂದಳು ಶಾಂತಿ.

"ಅವ್ರಿಗೇನು ಗೊತ್ತು? ನಾನು ಬಿಚ್ಚಿರೋ ತಂತಿ ಎಳದ್ರೆ ಹೊಸೂರಿಂದ ಕೃಷ್ಣಗಿರಿ ಮುಟ್ತದೆ."

ಸುತ್ತುಗಳು ಒಂದೊಂದಾಗಿ ಬಿಟ್ಟುಕೊಂಡವು. ಬುಡದ ಕೊನೆಯ ಸುತ್ತು ಹಟ ಮಾಡಿತು. ಎಳೆದ. ಟಕ್ ಎಂದಿತು. ಕೊಂಬೆ ಬುಡದಲ್ಲಿ ಅರ್ಧಕ್ಕೆ ಸೀಳಿ ಜೋತುಬಿತ್ತು. ಸೀಳಿನಿಂದ ಬಿಳಿ ಹಾಲು ಒಸರಿ ಅವನ ಹೆಬ್ಬೆರಳ ಮೇಲೆ ಇಳಿಯಿತು.

ಶಾಂತಿ ಕಣ್ಣು ಮುಚ್ಚಿಕೊಂಡಳು. ಮುಂದಿನದು ಅವಳಿಗೆ ಬಾಯಿಪಾಠ. ಸ್ಟೂಲಿಗೊಂದು ಒದೆ, ಯಾರಿಗೋ ಒಂದು ಬೈಗುಳ, ಆಮೇಲೆ ಚಪ್ಪಲಿ ಮೆಟ್ಟಿ ಹೊರಡುವುದು. ತಿಮ್ಮರಾಜು ಬಾಗಿಲ ಬಳಿಯ ಚಪ್ಪಲಿಯ ಕಡೆ ನೋಡಿದ್ದೂ ನಿಜ. ಆದರೆ ಹೆಬ್ಬೆರಳ ಹಾಲು ಅವನನ್ನು ಏಳಗೊಡಲಿಲ್ಲ. ಸುಟ್ಟ ಮೋಟಾರುಗಳನ್ನು ಸಾವಿರಗಟ್ಟಲೆ ಬಿಚ್ಚಿದ್ದ. ಒಂದೂ ಹೀಗೆ ಹಾಲು ಸುರಿಸಿರಲಿಲ್ಲ.

"ಶಾಂತೀ, ಪೈಪು ಬಿಸಾಕು. ಇಲ್ಲಿ ಹಿಡ್ಕ. ಅಲ್ಲಾಡುಸ್ಬ್ಯಾಡ."

ಅವಳು ಸೀಳನ್ನು ಕೂಡಿಸಿ ಹಿಡಿದಳು. ಅವನು ಅಂಗಿಯ ತುದಿಯಿಂದ ಹಾಲು ಒರೆಸಿ, ಪ್ಯಾಂಟಿನ ಜೇಬಿನಿಂದ ಬಟ್ಟೆಯ ಟೇಪಿನ ಸುರುಳಿ ತೆಗೆದ. ವೈಂಡಿಂಗ್ ಆದ ಮೇಲೆ ತಂತಿಯ ಕಟ್ಟಿಗೆ ಸುತ್ತುವ ಟೇಪು. ಅಂಗಡಿ ಹೋಗಿ ವರ್ಷವಾದರೂ ಅದು ಜೇಬು ಬಿಟ್ಟಿರಲಿಲ್ಲ; ಒಗೆಯುವಾಗ ಶಾಂತಿ ತೆಗೆದಿಡುವಳು, ಬೆಳಗ್ಗೆ ಅವನು ಮತ್ತೆ ಇಟ್ಟುಕೊಳ್ಳುವನು. ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಕೂರುವಂತೆ, ಒಂದು ಸುಕ್ಕೂ ಇಲ್ಲದೆ ಟೇಪು ಮೇಲೇರಿತು. ಗಂಟು ಬಿಗಿದು ತಲೆ ಎತ್ತಿದರೆ ಎದುರಿಗೆ ರಮಾದೇವಿ.

"ಮುರಿದಾಕ್ಬುಟ್ಟೆ ಮೇಡಮ್. ಬಿಚ್ಬೇಡಿ ಅಂದಿದ್ರಿ. ಬಿಚ್ದೆ."

ರಮಾದೇವಿ ಕಟ್ಟಿನ ಮೇಲೆ ಉಗುರಾಡಿಸಿದರು. ಎಲ್ಲೂ ತಡೆಯಲಿಲ್ಲ.

"ದಪ್ಪ ಕೊಂಬೆ ಬಗ್ಗಿಸೋ ಮುಂಚೆ ನಾವು ನಾರು ಸುತ್ತೋದು ಹೀಗೇನೇ. ಏಳು ವರ್ಷದಿಂದ ಹೇಳ್ಕೊಡ್ತಿದೀನಿ, ಇಷ್ಟು ಸಾಫಾಗಿ ನನಗೇ ಬರಲ್ಲ."

"ಬದುಕ್ತದಾ?"

"ಆಲ ಅಲ್ವಾ, ಹಟಮಾರಿ. ಮೂರು ತಿಂಗಳು ಕಟ್ಟು ಹಾಗೇ ಇರ್ಬೇಕು. ದಿನಾ ನೋಡ್ಕೊಳ್ಳೋರು ಬೇಕು." ರಮಾದೇವಿ ಕುಂಡಕ್ಕೆ ಅಂಟಿಸುವ ಒಂದು ಚೀಟಿಯ ಮೇಲೆ ತಾರೀಕು ಬರೆದು ಪೆನ್ನು ನಿಲ್ಲಿಸಿದರು. "ನೋಡ್ಕೊಳ್ಳೋದು ಯಾರು, ಆಮೇಲೆ ಕಟ್ಟು ಬಿಚ್ಚೋದು ಯಾರು? ಹೆಸರು ಹಾಕ್ಬೇಕು."

ಕೆಳಗೆ ಬಿದ್ದ ಪೈಪಿನ ನೀರು ಶಾಂತಿಯ ಪಾದ ತೋಯಿಸುತ್ತಿತ್ತು. ಅವಳು ಅಲುಗಲಿಲ್ಲ.

ತಿಮ್ಮರಾಜು ಮೇಜಿನ ಮೇಲಿದ್ದ ಕಟರನ್ನು ಎತ್ತಿ ಜೇಬಿಗೆ, ಟೇಪಿನ ಪಕ್ಕಕ್ಕೆ ಇಳಿಸಿದ.

"ನನ್ನ ಹೆಸ್ರೇ ಬರೀರಿ ಮೇಡಮ್. ಆದ್ರೆ ಬಿಚ್ಚಲ್ಲ. ಕತ್ತರಿಸ್ತೀನಿ."