ಒಂದು ಹುರಿ

ಕಾರ್ತಿಕದ ಬಿಸಿಲು. ಅತ್ತಿಬೆಲೆಯ ಹೊರಗೆ ಅರ್ಧ ಎದ್ದ ಕಟ್ಟಡದ ಕಂಬಗಳಿಗೆ ಗೋಣಿತಾಟು ಸುತ್ತಿ ನೀರುಣಿಸುತ್ತಿದ್ದ ನೀಲಪ್ಪನ ಕೈ ಮತ್ತೆ ನಿಂತಿತು. ಪಕ್ಕದ ಖಾಲಿ ಸೈಟಿನಲ್ಲಿ ದಿನಾ ಬಿಲ್ಲುಗಾರಿಕೆ ಅಭ್ಯಾಸ ಮಾಡುವ ಹುಡುಗಿ ವೇಣಿ ಬಾಣ ಬಿಟ್ಟಿದ್ದಳು. ಎರಡು ತುದಿಗೂ ಗಾಲಿಯಿದ್ದ ಅಂಥ ಬಿಲ್ಲನ್ನು ಅವನು ತನ್ನ ಕೊಪ್ಪಳದ ಕಡೆ ಕಂಡವನಲ್ಲ. ಬಾಣ ಕಣ್ಣಿಗೇ ಬೀಳಲಿಲ್ಲ. ಅವಳೆದುರು ಚೌಕಟ್ಟಿಗೆ ಬಿಗಿದ ಕಾಗದ ಮಾತ್ರ ಬೆರಳುದ್ದ ಹರಿದಿತ್ತು.

"ಕಾಗದದ ಮ್ಯಾಲೆ ಯಾಕವ್ವಾ ಸಿಟ್ಟು?"

"ನೆಟ್ಟಗೆ ಹೋದ್ರೆ ಒಂದೇ ತೂತು ಬೀಳ್ಬೇಕು ಅಣ್ಣ. ಈ ಬಾಣ ಬಾಲ ಎತ್ಕೊಂಡು ಹೋಗ್ತಿದೆ. ನಾಳೆ ರಾಜ್ಯ ತಂಡಕ್ಕೆ ಸೆಲೆಕ್ಷನ್ನು. ಬಾಣ ಕೂರೋ ಜಾಗಾನ ಬೆಳಿಗ್ಗೆಯಿಂದ ಮೇಲೆ ಕೆಳಗೆ ಮಾಡಿ ಸಾಕಾಯ್ತು."

ನೀಲಪ್ಪ ಕೈ ಒರೆಸಿಕೊಂಡು ಬಂದ. ಹಗ್ಗಕ್ಕೆ ಪುಂಡಿನಾರು ಹೊಸೆಯುತ್ತಲೇ ಬೆಳೆದವನು. ಗಾಲಿಯಿಂದ ಗಾಲಿಗೆ ಹಾದಿದ್ದ ಎರಡು ಹುರಿಗಳನ್ನೂ ಹೆಬ್ಬೆರಳಲ್ಲಿ ಸವರುತ್ತ ಕಣ್ಣು ಮುಚ್ಚಿದ. ಒಂದರ ಮೇಲೆ ಬೆರಳು ನಿಂತಿತು.

"ಇದನ್ನ ಬಿಚ್ಚಿದ್ದೇನು?"

"ಹೋದ ವಾರ. ಒರೆಸೋಕೆ."

"ತಿರುಗಿ ಹಾಕೂವಾಗ ಒಂದು ಸುತ್ತು ಉಣ್ಣಿಸೂದು ಮರ್ತೀ. ಸಡಲ ಆಗೇತಿ."

ವೇಣಿ ನಂಬಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಬಿಲ್ಲನ್ನು ಕಬ್ಬಿಣದ ಹಿಡಿಯಲ್ಲಿಟ್ಟು ಬಗ್ಗಿಸಿ, ಆ ಹುರಿಯ ತುದಿ ಬಿಚ್ಚಿ, ಅವನು ತೋರಿಸಿದ ಕಡೆಗೇ ಒಂದು ಸುತ್ತು ತಿರುವಿ ಮತ್ತೆ ಸಿಕ್ಕಿಸಿದಳು. ಹೊಸ ಕಾಗದ. ಬಾಣ ಹೋಯಿತು. ನಡುವೆ ಒಂದು ದುಂಡು ತೂತು, ಗರಿಗಳು ಸೀಳಿದ ಮೂರು ಗೀರು. ಬಿಲ್ವಪತ್ರೆ ಇಟ್ಟ ಹಾಗೆ.

ವೇಣಿ ಕಾಗದ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದಳು.

"ಏನ್ ಕೊಡ್ಲಿ ಅಣ್ಣ?"

"ನಮ್ಮೂರಾಗ ಹಗ್ಗ ಹೊಸೆದಂವ ರೊಕ್ಕ ಕೇಳೂದಿಲ್ಲ. ಒಮ್ಮೆ ಜಗ್ಗಿ ನೋಡೂದ ಅವನ ಕೂಲಿ."

ವೇಣಿ ಹಿಂಜರಿದಳು. ಬಾಣವಿಲ್ಲದೆ ಕೈ ತಪ್ಪಿ ಬರಿದೇ ಬಿಟ್ಟರೆ ಬಿಲ್ಲು ಸಿಡಿಯುತ್ತದೆ. ನಾಳೆ ಎಂಬುದೇ ಇರುವುದಿಲ್ಲ. ಆದರೂ ಬಾಣ ಹೂಡಿ, ಹೆದೆ ಎಳೆಯುವ ಕೊಕ್ಕೆಯನ್ನು ಅವನ ಕೈಗಿಟ್ಟಳು. "ಕೊಕ್ಕೆಯ ಗುಂಡಿ ಮುಟ್ಬೇಡಿ, ಬಾಣ ಹಾರಿಬಿಡುತ್ತೆ. ಮೆಲ್ಲಗೆ ವಾಪಸ್ ಬಿಡಿ."

ನೀಲಪ್ಪ ಜಗ್ಗಿದ. ಮೂಗುದಾರಕ್ಕೆ ಬಗ್ಗದ ಹೋರಿಯ ಹಾಗೆ ಬಿಲ್ಲು ಎದುರು ನಿಂತಿತು. ಅವನು ಹಲ್ಲು ಕಚ್ಚಿ ಇನ್ನಷ್ಟು ಎಳೆದ. ಆಮೇಲೆ ಗಾಲಿಗಳು ಹೊರಳಿದವು, ಭಾರವೇ ಇಲ್ಲ! ಹೆದೆ ಕೆನ್ನೆಯ ಪಕ್ಕ ಸುಮ್ಮನೆ ನಿಂತಿತ್ತು. ಅವನು ಉಸಿರಾಡಲೂ ಹೆದರಿದ.

"ಭಾರ ಎಲ್ಲಿ ಹೋತವ್ವಾ?"

"ಎಲ್ಲೂ ಹೋಗಿಲ್ಲ ಅಣ್ಣ. ಗಾಲಿಗಳು ಹೊತ್ಕೊಂಡಿವೆ."

ಅವನು ಮೆಲ್ಲಗೆ ಹಿಂದಕ್ಕೆ ಬಿಟ್ಟ. "ಕೂಲಿ ಮುಟ್ಟಿತು," ಎಂದ.

ಕಂಬಗಳ ಗೋಣಿ ಆಗಲೇ ಒಣಗಿತ್ತು. ನೀಲಪ್ಪ ಎರಡು ಬಕೆಟ್ ನೀರು ಹೊತ್ತು ಮೆಟ್ಟಿಲೇರಿದ; ಅರ್ಧದಲ್ಲಿ ನಿಂತು, ಭಾರ ಇಳಿಯುತ್ತದೇನೋ ಎಂದು ಒಂದು ಗಳಿಗೆ ಕಾದ.