ಹದಿನಾಲ್ಕು ದಾರಿ

ಬಣ್ಣದ ಕಾರ್ಖಾನೆಯ ಆಫೀಸಿನ ಹೊರಗೆ, ಬೆಂಚಿನ ಮೇಲೆ ತನ್ನ ಪಕ್ಕ ಬಂದು ಕೂತವರನ್ನು ನೋಡಿ ಅವಳು ದಡಕ್ಕನೆ ಎದ್ದು ನಿಂತಳು. ಕಾಲೇಜಿನಲ್ಲಿ ಮೂರು ವರ್ಷ ಅಕೌಂಟ್ಸ್ ಕಲಿಸಿದ, ಹುಡುಗರೆಲ್ಲ ಡೆಬಿಟ್ ಮೇಷ್ಟ್ರು ಎಂದೇ ಕರೆಯುತ್ತಿದ್ದ ಮೇಷ್ಟ್ರು. ಇಸ್ತ್ರಿ ಅಂಗಿ. ಅವಳ ಕೈಯಲ್ಲಿದ್ದಂಥದೇ ಪ್ಲಾಸ್ಟಿಕ್ ಫೈಲು ಅವರ ಕೈಯಲ್ಲೂ ಇತ್ತು.

"ಸಾರ್, ನನಗೆ ಧೈರ್ಯ ಹೇಳೋಕೆ ಬಂದ್ರಾ?"

"ಕೂತ್ಕೊಳಮ್ಮ," ಎಂದರು ಮೇಷ್ಟ್ರು, ಎದುರಿನ ಗೋಡೆ ನೋಡುತ್ತ. "ನಾನೂ ಇಂಟರ್‌ವ್ಯೂಗೇ ಬಂದಿರೋದು."

ಅದು ತಲೆಗೆ ಹೋಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಇದ್ದದ್ದು ಒಂದೇ ಹುದ್ದೆ, ಲೆಕ್ಕದ ಗುಮಾಸ್ತರದು. ಅದು ತಪ್ಪಿದರೆ ಸೋಮವಾರದಿಂದ ಚಿಕ್ಕಪ್ಪನ ಸಿಮೆಂಟ್ ಅಂಗಡಿಯ ಗಲ್ಲಾ ಎಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಚಿಕ್ಕಪ್ಪನೋ, ಮನೆಮಗಳಿಗೆ ಎಂಥ ಸಂಬಳ ಎನ್ನುವ ಆಸಾಮಿ. ಇತ್ತ ಮೇಷ್ಟ್ರು ಗಂಟೆ ಲೆಕ್ಕದಲ್ಲಿ ಪಾಠ ಮಾಡುವವರು. ಈ ವರ್ಷ ಬಿ.ಕಾಂ.ಗೆ ಸೇರಿದ್ದು ಆರೇ ಜನ. ತರಗತಿಗೆ ಬೀಗ ಬೀಳುತ್ತದೆಂಬ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

ಕೂರಬೇಕೋ ನಿಂತಿರಬೇಕೋ ತಿಳಿಯದೆ ಬೆಂಚಿನ ತುದಿಗೆ ಅಂಟಿಕೊಂಡಳು. "ಬಿ.ಕಾಂ. ಮಾಡಿದ್ರೆ ಹದಿನಾಲ್ಕು ದಾರಿ ಅಂತ ಬೋರ್ಡ್ ತುಂಬ ಬಾಣ ಬರೆದಿದ್ರಲ್ಲ ಸಾರ್. ಆಡಿಟರ್ ಆಫೀಸು, ಬ್ಯಾಂಕು, ಟ್ಯಾಕ್ಸು..."

"ಹದಿಮೂರರಲ್ಲಿ ಹೋಗಿ ವಾಪಸ್ ಬಂದೆ ಕಣಮ್ಮ."

"ನಾನು ಮನೆಗೆ ಹೋಗಲಾ ಸಾರ್?"

"ತೆಪ್ಪಗೆ ಕೂತ್ಕೋ. ಶಿಷ್ಯೆ ಬಿಟ್ಟುಕೊಟ್ಟ ಕುರ್ಚಿ ನನಗ್ಯಾಕೆ?"

ಅಷ್ಟರಲ್ಲಿ ಒಳಗಿನಿಂದ ಅವಳಿಗೆ ಕರೆ ಬಂತು. ಮ್ಯಾನೇಜರ್ ಕೇಳಿದ ಎರಡು ಪ್ರಶ್ನೆಗಳಿಗೆ ಏನು ಉತ್ತರ ಕೊಟ್ಟಳೋ ಅವಳಿಗೇ ಗೊತ್ತಾಗಲಿಲ್ಲ. ಸರಿಯೇ ಇರಬೇಕು, ಅವರು ತಲೆಯಾಡಿಸಿ ಅರ್ಜಿಯ ಹಾಳೆ ತಿರುವಿದರು.

"ನಿಮ್ಮ ಬಗ್ಗೆ ವಿಚಾರಿಸೋಕೆ ಲೆಕ್ಚರರ್ ನಂಬರ್ ಕೊಟ್ಟಿದ್ದೀರಿ. ಒಂದು ಮಾತು ಕೇಳಿಬಿಡ್ತೀನಿ." ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಮೇಜಿನ ಮೇಲಿಟ್ಟರು.

"ಸಾರ್, ಅವರು..." ಎಂದವಳ ನಾಲಿಗೆ ಅಲ್ಲಿಗೇ ನಿಂತಿತು. ಹೇಳಿದರೆ ಮೇಷ್ಟ್ರ ಮಾನ ಹೋಗುತ್ತದೆ. ಹೇಳದಿದ್ದರೆ ತನ್ನ ಕೆಲಸ ಅವರ ಬಾಯಲ್ಲಿದೆ. ಬಾಗಿಲಾಚೆ, ದಿನಾ ಪಾಠದ ನಡುವೆ ಬಡಿದುಕೊಳ್ಳುತ್ತಿದ್ದ ಅದೇ ರಿಂಗು. ಆಮೇಲೆ ಯಾರೋ ಮೆಟ್ಟಿಲಿಳಿದು ಹೋದ ಸದ್ದು. ಬಣ್ಣ ಕಲೆಸುವ ಯಂತ್ರದ ಗದ್ದಲಕ್ಕೆ ಕಿವಿ ಜಡ್ಡುಗಟ್ಟಿದ್ದ ಮ್ಯಾನೇಜರಿಗೆ ಎರಡೂ ಕೇಳಿಸಲಿಲ್ಲ.

ಆ ಕಡೆ ಫೋನೆತ್ತಿದ ಮೇಲೆ ಮ್ಯಾನೇಜರ್ ತಾವು ಯಾರೆಂದು ಹೇಳಿ, ಹುಡುಗಿ ಹೇಗೆ ಎಂದು ಕೇಳಿದರು.

"ಚುರುಕು," ಎಂದಿತು ಮೇಜಿನ ಮೇಲಿನ ಫೋನು. "ತಪ್ಪು ಮಾಡ್ತಾಳೆ. ಆದ್ರೆ ತನ್ನ ತಪ್ಪನ್ನ ತಾನೇ ಹುಡುಕಿ ತಂದು ತೋರಿಸ್ತಾಳೆ."

"ಬಿಚ್ಚಿ ಹೇಳಿ. ನಿಮ್ಮ ಕಾಲೇಜಲ್ಲಿ ಇವರಿಗಿಂತ ಚೆನ್ನಾಗಿ ಲೆಕ್ಕ ಬಲ್ಲವರು ಇದ್ದಾರಾ? ಇದ್ರೆ ಅವರನ್ನೇ ಕಳಿಸಿ."

ಲೈನು ಕಟ್ಟಾಯಿತೇನೋ ಎಂದು ಮ್ಯಾನೇಜರ್ ಬಗ್ಗಿ ನೋಡಿದರು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಇಲ್ಲ ಸಾರ್," ಎಂದರು ಮೇಷ್ಟ್ರು.

ಮ್ಯಾನೇಜರ್ ಅವಳ ಅರ್ಜಿಯ ಮೂಲೆಗೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದರು. "ಇಲ್ಲೇ ಕೂತಿರಿ. ಇನ್ನೊಬ್ಬರಿದ್ದಾರೆ, ಶಾಸ್ತ್ರಕ್ಕೆ ಎರಡು ಮಾತಾಡಿ ಕಳಿಸಿಬಿಡ್ತೀನಿ," ಎಂದು ಗಂಟೆ ಒತ್ತಿದರು.

ಬಾಗಿಲು ಅರ್ಧ ತೆರೆಯಿತು. ತಮ್ಮ ತರಗತಿಗೆ ತಡವಾಗಿ ಬಂದವರು ನಿಲ್ಲುತ್ತಿದ್ದ ಹಾಗೆಯೇ, ಒಂದು ಕಾಲು ಹೊಸ್ತಿಲಾಚೆ ಬಿಟ್ಟು, ಮೇಷ್ಟ್ರು ನಿಂತಿದ್ದರು. "ಒಳಗೆ ಬರಬಹುದಾ ಸಾರ್?"

ಮ್ಯಾನೇಜರ್ ತಲೆಯೆತ್ತಿ ಬಾಗಿಲಿನತ್ತ ನೋಡಿದರು. ಆಮೇಲೆ, ಹುಬ್ಬು ಗಂಟಿಕ್ಕಿ, ಮೇಜಿನ ಮೇಲಿದ್ದ ಫೋನನ್ನು ನೋಡಿದರು.