ಮುಟ್ಟದ ತಟ್ಟೆ

ಸೂಕ್ಷ್ಮದರ್ಶಕದ ಕೆಳಗಿದ್ದ ಮೀನಿನ ಭ್ರೂಣಗಳಿಗೆ ಕಣ್ಣಿರಲಿಲ್ಲ. ಅದರಲ್ಲಿ ಅಚ್ಚರಿಯೇನೂ ಇಲ್ಲ. ಕಣ್ಣು ಮೂಡಿಸುವ ಜೀನ್‌ನ ಬಾಯಿ ಕಟ್ಟುವ ಮದ್ದನ್ನು ಮೊಟ್ಟೆಗಳಿಗೆ ಚುಚ್ಚಿದ್ದವಳು ಸಂಶೋಧಕಿಯಾದ ಅವಳೇ. ಅವಳು ಬೆಚ್ಚಿದ್ದು ಪಕ್ಕದ ತಟ್ಟೆ ನೋಡಿದಾಗ. ಹೋಲಿಸಿ ನೋಡಲೆಂದು ಸೂಜಿ ಸೋಕಿಸದೆ ಬಿಟ್ಟಿದ್ದ ಆ ಮರಿಗಳಿಗೂ ಕಣ್ಣಿರಲಿಲ್ಲ.

“ಈ ತಟ್ಟೆಗೂ ಚುಚ್ಚಿಬಿಟ್ರಾ?” ಎಂದು ಸಹೋದ್ಯೋಗಿಯನ್ನು ಕೇಳಿದಳು.

“ಅಯ್ಯೋ, ಒಂದನ್ನೂ ಚುಚ್ಚಿಲ್ಲ. ಶುದ್ಧ ನೀರು ಸಾಲ್ಲಿಲ್ಲ ಅಂತ ಅದಕ್ಕೆ ನಲ್ಲಿ ನೀರು ಹಾಕಿದೆ, ಕ್ಲೋರಿನ್ ತೆಗೆದೇ ಹಾಕಿದೀನಿ. ಊರಿಗೆ ಊರೇ ಕುಡಿಯೋ ನೀರು, ಮೀನಿಗೇನಾಗತ್ತೆ?”

ಅವಳು ಕೈಗವಸು ಕಿತ್ತೆಸೆದು, ಎರಡು ಬೀದಿ ಆಚೆಗಿದ್ದ ತಂಗಿಗೆ ಫೋನ್ ಮಾಡಿದಳು. ತಂಗಿ ಚೊಚ್ಚಲ ಬಸುರಿ. ವಾಂತಿ ಇನ್ನೂ ನಿಂತಿರಲಿಲ್ಲ.

“ನಲ್ಲಿ ನೀರು ಕುಡೀಬೇಡ ಕಣೇ,” ಎಂದಳು.

ತಂಗಿ ನಕ್ಕುಬಿಟ್ಟಳು. “ಒಳ್ಳೆ ಕಥೆ! ಹೊಟ್ಟೆ ತುಂಬಾ ನೀರು ಕುಡಿ, ಮಗೂಗೆ ಒಳ್ಳೇದು ಅಂದಿದ್ದು ನೀನೇ ಅಲ್ವೇನಕ್ಕಾ? ಮೊದಲನೇ ತಿಂಗಳಿಂದ ನಿನ್ನ ಮಾತು ಮೀರಿಲ್ಲ ನಾನು. ತಿಂದಿದ್ದೇನೂ ದಕ್ಕದಿದ್ರೂ ನೀರೊಂದು ಮಾತ್ರ ಚೆನ್ನಾಗಿ ದಕ್ತಿದೆ.”